ಎರಡನೇ ದೋಸೆ

ನಮ್ಮ ಹೋಟೆಲಿನ ಬಾಗಿಲ ಮೇಲೆ ಸುಣ್ಣದಲ್ಲಿ ಒಂದು ಪದ ಬರೆದಿದೆ. ಸ್ಪ್ಲರ್ಜ್. ಹೊರಗಿನವರು ಅದನ್ನು ಹೋಟೆಲಿನ ಹೆಸರೆಂದು ತಿಳಿದು ಖುಷಿಯಾಗಿ ಒಳಗೆ ಬರುತ್ತಾರೆ. ಬಂದವರು ಎದುರು ಗೋಡೆಯ ‘ಚಟ್ನಿ ಒಂದೇ ಸಲ’ ಎಂಬ ಬೋರ್ಡು ಓದಿ ತಬ್ಬಿಬ್ಬಾಗುತ್ತಾರೆ. ಅದು ಹೆಸರಲ್ಲ, ನಮ್ಮ ಮನೆಯ ಪದ. ಆಚೆ ಬೀದಿಯ ಹೆಂಚಿನ ಮನೆಯ ಬಾಗಿಲ ಮೇಲೆ ‘ಅಡ್ಜಸ್ಟ್’ ಎಂದಿದೆ. ಒಂದೇ ಕೋಣೆಯಲ್ಲಿ ಮೂರು ಸಂಸಾರ ಬಾಳಿ ಅವರು ಆ ಪದವನ್ನು ಊರಿಗೆ ತಂದುಕೊಟ್ಟರು. ಬಾವಿಯ ಪಕ್ಕದ ಮನೆಯವರು ‘ಟೆನ್ಷನ್’ ತಂದರು. ಊರೇನೋ ಅವರನ್ನು ಕೊಂಡಾಡಿತು, ಆದರೆ ಆ ಮನೆಯಲ್ಲಿ ಇವತ್ತಿಗೂ ಯಾರೂ ಸರಿಯಾಗಿ ನಿದ್ದೆ ಮಾಡುವುದಿಲ್ಲ.

ಹೊರಗಿನ ಪದ ನಮ್ಮೂರಿನಲ್ಲಿ ಯಾರ ಬಾಯಿಂದಲೂ ಸುಮ್ಮನೆ ಹೊರಡುವುದಿಲ್ಲ. ಓದಬಹುದು, ಬರೆಯಬಹುದು. ಆಡಲು ಹೋದರೆ ಮಾತ್ರ ತುಟಿ ಅಲ್ಲಾಡುತ್ತದೆ, ಗಾಳಿ ಬರುತ್ತದೆ, ಸದ್ದಿಲ್ಲ. ಯಾರಾದರೊಬ್ಬರು ಅದನ್ನು ಬಾಳಿ ತೋರಿಸಬೇಕು. ಅವರ ನಾಲಿಗೆಗೆ ಒಲಿದರೆ ಊರಿಗೆಲ್ಲ ಒಲಿದ ಹಾಗೆ. ಹಾಗೆ ಪದ ಹಿಡಿದ ಮನೆಯವರು ತಮ್ಮದೊಂದು ಮಾತನ್ನು ಅಡವಿಡಬೇಕು. ಕಟ್ಟೆಯ ಮೇಲೆ ನಿಲ್ಲಿಸಿದ ಕಲ್ಲಿನ ಹಲಗೆಯಲ್ಲಿ ಹೊಸ ಪದವನ್ನು ಸುಣ್ಣದಿಂದ ಬರೆಯುತ್ತಾರೆ. ಆ ಸುಣ್ಣ ಗಾಳಿಗೂ ಬಿಸಿಲಿಗೂ ಉದುರಿ ಮುಗಿಯುವುದರೊಳಗೆ ಪದ ಬಾಯಿಗೆ ಬಂದರೆ ಅಡವಿಟ್ಟ ಮಾತು ವಾಪಸ್ಸು. ಬಾರದಿದ್ದರೆ ಹೊಸದೂ ಇಲ್ಲ, ಹಳೆಯದೂ ಇಲ್ಲ. ಗಾಡಿ ಹೊಡೆಯುವ ಪರ್ವತಯ್ಯ ಹಿಂದೊಮ್ಮೆ ‘ಗ್ಯಾರಂಟಿ’ ಹಿಡಿಯಲು ಹೋಗಿ ‘ಖಂಡಿತ’ ಕಳೆದುಕೊಂಡ. ಮಾತು ಹೋದರೆ ಅದರ ಹಿಂದಿನ ವಸ್ತುವೂ ಮೆಲ್ಲಗೆ ಹೊರಟುಹೋಗುತ್ತದೆ. ಈಗ ಅವನ ಗಾಡಿ ಯಾವಾಗ ಬರುತ್ತದೆಂದು ಅವನ ಎತ್ತುಗಳಿಗೂ ತಿಳಿಯದು.

ಚೆಲುವಾಜಮ್ಮ ನನ್ನ ವಾರಗಿತ್ತಿ, ನನ್ನ ಗಂಡನ ಅಣ್ಣನ ಹೆಂಡತಿ, ನಾನು ಅವಳನ್ನು ಅಕ್ಕ ಎನ್ನುತ್ತೇನೆ. ಅಣ್ಣತಮ್ಮಂದಿರು ಒಬ್ಬರ ಹಿಂದೊಬ್ಬರು ತೀರಿಕೊಂಡ ಮೇಲೆ ನಮ್ಮಿಬ್ಬರಿಗೆ ಉಳಿದದ್ದು ಈ ಹೋಟೆಲು, ಒಂದು ಕಬ್ಬಿಣದ ಕಾವಲಿ. ಅವಳು ದೋಸೆ ಹುಯ್ಯುತ್ತಾಳೆ. ನಾನು ರುಬ್ಬುತ್ತೇನೆ, ಬಡಿಸುತ್ತೇನೆ, ಬೈಸಿಕೊಳ್ಳುತ್ತೇನೆ. ಊರು ಅವಳನ್ನು ಎಂಜಲು ಕೈಯಲ್ಲಿ ಕಾಗೆ ಓಡಿಸದವಳು ಎನ್ನುತ್ತದೆ. ಊರು ಹೇಳುವುದು ಸುಳ್ಳಲ್ಲ. ದೋಸೆಯ ಮೇಲೆ ಅವಳು ಇಡುವ ಬೆಣ್ಣೆ ಹುಣಸೆಬೀಜದಷ್ಟು. ಅದು ಕರಗುವ ಮೊದಲೇ ಚಮಚದ ಅಂಚಿನಿಂದ ಅರ್ಧ ವಾಪಸ್ಸು ತೆಗೆದದ್ದನ್ನೂ ನಾನು ಕಣ್ಣಾರೆ ಕಂಡಿದ್ದೇನೆ. ಆದರೂ ಜನ ಬರುತ್ತಾರೆ, ಯಾಕೆಂದರೆ ಅವಳ ಕೈರುಚಿ ಅಂಥದ್ದು. ಬೆಳಿಗ್ಗೆ ಸಾಂಬಾರು ಕುದಿ ಬಂದಾಗ ಒಂದು ಹನಿ ಅಂಗೈಗೆ ಹಾಕಿಕೊಂಡು ನೆಕ್ಕಿ, “ಹ್ಞಾ, ರುಚಿ ಬಂತು” ಎನ್ನುತ್ತಾಳೆ. ಅವಳು ಹಾಗೆಂದ ಮೇಲೆಯೇ ನಾನು ಬಾಗಿಲು ತೆಗೆಯುವುದು.

ಆ ಪದ ಬಂದದ್ದು ಒಂದು ಬಟ್ಟೆಯ ಚೀಲದ ಮೇಲೆ. ದಾರಿ ತಪ್ಪಿ ಬಂದ ಯಾರೋ ಹೆಂಗಸು ದೋಸೆ ತಿಂದು, ಎರಡನೇ ಸಲ ಚಟ್ನಿ ಕೇಳಿ, ನಾನು ಬೋರ್ಡು ತೋರಿಸಿದ ಸಿಟ್ಟಿಗೆ ಚೀಲ ಮರೆತು ಹೊರಟುಹೋದಳು. ಊರಿಗೆ ಬಂದ ಪದಗಳನ್ನೆಲ್ಲ ನೋಡಿಕೊಳ್ಳುವವರು ಇಂದುಶೇಖರ ಮೇಷ್ಟ್ರು. ಅವರು ಚೀಲದ ಮೇಲಿನ ದಪ್ಪ ಇಂಗ್ಲಿಷ್ ಅಕ್ಷರ ಓದಿ, ನಿಘಂಟು ತಿರುವಿ ಹಾಕಿ, ನಮ್ಮ ಹೋಟೆಲಿಗೆ ಎದುರಾಗಿರುವ ಕಟ್ಟೆಯ ಹಲಗೆಯ ಮೇಲೆ ಕನ್ನಡದಲ್ಲಿ ಬರೆದರು. ಸಂಜೆ ಜನ ಸೇರಿತು.

“ಅರ್ಥ ಏನ್ ಮೇಷ್ಟ್ರೇ?” ಎಂದ ಪರ್ವತಯ್ಯ.

“ಕೈ ಬಿಚ್ಚಿ ಖರ್ಚು ಮಾಡೋದು ಕಣಯ್ಯ. ಮಿತಿ ಮೀರಿ.”

“ಅದುಕ್ಕೆ ದುಂದು ಅಂತ ಐತಲ್ಲ?”

“ಎರಡಕ್ಕೂ ಏನೋ ವ್ಯತ್ಯಾಸ ಇದೆ. ದುಂದೇ ಆಗಿದ್ದರೆ ಈ ಪದ ಈಗಾಗಲೇ ನಿಮ್ಮ ಬಾಯಲ್ಲಿ ಬರಬೇಕಿತ್ತು. ಊರಲ್ಲಿ ದುಂದು ಮಾಡಿದವರಿಗೇನು ಬರವೇ?”

ಜನರೆಲ್ಲ ಜವಳಿ ಅಂಗಡಿಯ ಗುಂಡಶೆಟ್ಟರ ಕಡೆ ನೋಡಿದರು. ಮಗಳ ಮದುವೆಗೆ ಊರಿನ ಬಾವಿಗೂ ಜರಿ ಪಂಚೆ ಸುತ್ತಿಸಿದ ಆಸಾಮಿ. ಶೆಟ್ಟರು ಶಲ್ಯ ಸರಿಮಾಡಿಕೊಂಡು ಮುಂದೆ ಬಂದರು, ಗಂಟಲು ಸರಿಮಾಡಿಕೊಂಡರು, ಬಾಯಿ ತೆರೆದರು. ಗಾಳಿ ಬಂತು. ಜನ ಬಾಯಿ ಮುಚ್ಚಿಕೊಂಡು ನಕ್ಕರು. ತಮ್ಮ ಮೇಲಿನ ನಗೆಯನ್ನು ಬೇರೆಯವರ ಮೇಲೆ ತಿರುಗಿಸುವುದರಲ್ಲಿ ಶೆಟ್ಟರು ಜಾಣರು. ಕೊಡ ಹಿಡಿದು ನೀರಿಗೆ ಹೊರಟಿದ್ದ ಅಕ್ಕನನ್ನು ನೋಡಿ, “ಚೆಲುವಾಜಮ್ಮಂಗೆ ಕೊಡಿ ಮೇಷ್ಟ್ರೇ! ಹುಣಸೆಬೀಜದಷ್ಟು ಖರ್ಚು ಮಾಡಿ ತೋರಿಸ್ತಾಳೆ!” ಎಂದರು.

ಕಟ್ಟೆಗೆ ಕಟ್ಟೆಯೇ ನಕ್ಕಿತು. ಸುಳ್ಳು ಯಾಕೆ, ನನಗೂ ನಗು ಬಂತು. ಅಕ್ಕ ಕೊಡ ಕೆಳಗಿಟ್ಟಳು.

“ಕೊಡಿ, ನಾನೇ ಹಿಡೀತೀನಿ.”

ನಗು ನಿಂತಿತು. ಅಡವಿಗೆ ಯಾವ ಮಾತು ಎಂದು ಮೇಷ್ಟ್ರು ಕೇಳಿದರು. ಅದನ್ನು ಆರಿಸುವುದು ಊರಿನವರ ಹಕ್ಕು. “ರುಚಿ ಅನ್ನೋ ಮಾತನ್ನ ಇಡಲಿ” ಎಂದರು ಗುಂಡಶೆಟ್ಟರು, ತಮಾಷೆಗೇ ಅಂದಿರಬೇಕು. ಆದರೆ ನಮ್ಮೂರಿನಲ್ಲಿ ಅಂದದ್ದು ಅಂದದ್ದೇ. ಆ ಕ್ಷಣಕ್ಕೆ ಆ ಎರಡಕ್ಷರದ ಮಾತು ಅವಳ ಬಾಯಿಂದಲೂ ಹೋಯಿತು, ಅದೇ ಮನೆಯವಳಾದ ನನ್ನ ಬಾಯಿಂದಲೂ ಹೋಯಿತು. ಹಲ್ಲು ಬಿದ್ದ ಜಾಗವನ್ನು ನಾಲಿಗೆ ತಡಕುವ ಹಾಗೆ ದಾರಿಯುದ್ದಕ್ಕೂ ನಾನು ಅದನ್ನು ತಡಕುತ್ತ ಮನೆಗೆ ಬಂದೆ.

“ನಿಂಗೇನ್ ಬಂದಿತ್ತಕ್ಕ? ಯಾರೋ ನಕ್ರೆ ನಗ್ಲಿ ಅಂತ ಬಿಡ್ಬಾರ್ದಿತ್ತಾ?” ಎಂದು ನಾನು ಕೂಗಾಡಿದೆ. “ದೋಸೆ ಹುಯ್ಯೋರಿಗೆ ಆ ಮಾತೇ ಹೋದ್ರೆ ನಾವಿಬ್ರೂ ಮಣ್ಣು ತಿನ್ನೋದಾ?”

“ಮದ್ವೆಯಾಗಿ ಬಂದಾಗಿನಿಂದ ನಗ್ತಾವ್ರೆ ಕಣೇ” ಎಂದಳು ಅಕ್ಕ. “ಒಂದೇ ಒಂದ್ ಸಲ ಬಾಯ್ ಮುಚ್ಚಿಸ್ಬೇಕು.”

ಮರುದಿನವೇ ಶೆಟ್ಟರ ಅಂಗಡಿಗೆ ಹೋಗಿ, “ಇರೋದ್ರಲ್ಲಿ ದುಬಾರಿ ಸೀರೆ ತೆಗೀರಿ” ಎಂದಳು. ಶೆಟ್ಟರು ತಾವೇ ಏಣಿ ಹತ್ತಿದರು. ಅಂಗೈ ಅಗಲದ ಅಂಚಿನ ಸೀರೆ, ನವಿಲುಗರಿಯ ಬಣ್ಣ. ಅಲ್ಲಿಯವರೆಗೆ ಎಲ್ಲ ಸರಿಯಾಗಿತ್ತು. ಬೆಲೆ ಕೇಳಿದ್ದೇ ತಡ, ಅವಳ ಬಾಯಿ ತನ್ನಷ್ಟಕ್ಕೆ ತಾನೇ ಕೆಲಸ ಶುರುಮಾಡಿತು. ಬಣ್ಣ ಬಿಡುತ್ತದೆಂದಳು, ಅಂಚು ಕಿರಿದೆಂದಳು, ಎದ್ದು ಬಾಗಿಲವರೆಗೆ ಹೋಗಿ ತಿರುಗಿ ಬಂದಳು. ಕೊನೆಗೆ ಶೆಟ್ಟರು ಕಣ್ಣೀರು ಹಾಕಿಕೊಂಡು ಸೀರೆ ಕೊಟ್ಟರು, ಮೇಲೊಂದು ರವಿಕೆ ಕಣವನ್ನೂ ಕೊಟ್ಟರು. ಅಕ್ಕ ಗೆದ್ದ ಮುಖದಲ್ಲಿ ಸೀರೆ ಉಟ್ಟು ಹಲಗೆಯ ಮುಂದೆ ನಿಂತು ಬಾಯಿ ತೆರೆದಳು. ಗಾಳಿ.

“ಇದು ಚೌಕಾಸಿ ಕಣಮ್ಮ” ಎಂದರು ಮೇಷ್ಟ್ರು.

ಆಮೇಲೆ ಬೀದಿಗೆಲ್ಲ ಹೋಳಿಗೆ ಊಟ ಹಾಕಿಸಿದಳು. ತುಪ್ಪದಲ್ಲಿ ಚೌಕಾಸಿ ಮಾಡಬಾರದೆಂದು ಬಡಿಸುವ ಕೆಲಸ ನನಗೆ ಒಪ್ಪಿಸಿ, ತಾನು ಗೋಡೆಗೆ ಮುಖ ಮಾಡಿ ಕೂತಳು. ಜನ ತೇಗಿ, “ಅನ್ನದಾತಾ ಸುಖೀಭವ” ಎಂದು ಹರಸಿ ಹೋದರು. ಹಲಗೆಯ ಮುಂದೆ ಮತ್ತೆ ಗಾಳಿ. ಅದಕ್ಕೆ ದಾನ ಎಂಬ ಮಾತು ಮೊದಲೇ ಇದೆ ಎಂದರು ಮೇಷ್ಟ್ರು, ಹೋಳಿಗೆಯ ಕೈ ತೊಳೆಯುತ್ತ. ಪರ್ವತಯ್ಯ ಮಾತ್ರ ಇವಳ ಕಷ್ಟ ಬಲ್ಲವನು. “ಸುಮ್ನೆ ಚೆಲ್ಲಿಬಿಡವ್ವ. ಒಂದ್ ಕೊಡ ಹಾಲ್ನ ಚರಂಡಿಗೆ ಸುರಿ, ಬರ್ತದೋ ಏನೋ” ಎಂದ. ಅಕ್ಕ ಕೊಡ ಎತ್ತಿಕೊಂಡು ಚರಂಡಿಯವರೆಗೂ ಹೋದಳು. ವಾಪಸ್ಸು ಬಂದು ಹಾಲಿಗೆ ಹೆಪ್ಪು ಹಾಕಿದಳು. ಸುರಿದಿದ್ದರೂ ಪದ ಬರುತ್ತಿರಲಿಲ್ಲ ಬಿಡಿ, ಪೋಲು ಎಂಬ ಮಾತೂ ನಮ್ಮಲ್ಲಿ ಇದ್ದೇ ಇದೆ.

ಅಷ್ಟರಲ್ಲಿ ನನಗೆ ನಿಜವಾಗಿ ಭಯ ಹತ್ತಿತ್ತು. ಬೆಳಿಗ್ಗೆ ಸಾಂಬಾರಿನ ಹನಿ ನೆಕ್ಕಿ ಅಕ್ಕ ಬಾಯಿ ತೆರೆಯುತ್ತಿದ್ದಳು, ಮುಚ್ಚುತ್ತಿದ್ದಳು. “ಉಪ್ಪು ಸರಿಯಾಗೈತೆ” ಎನ್ನುತ್ತಿದ್ದಳು. ಉಪ್ಪು ಸರಿಯಾಗಿಯೇ ಇರುತ್ತಿತ್ತು, ಹುಳಿಯೂ ಸರಿಯಾಗಿರುತ್ತಿತ್ತು, ಆದರೂ ಸಾಂಬಾರು ಸಪ್ಪೆ. ಅದೇ ಅಕ್ಕಿ, ಅದೇ ಉದ್ದು, ಅದೇ ಕೈ. ಗಿರಾಕಿಗಳು ಅರ್ಧ ದೋಸೆ ಬಿಟ್ಟು ಏಳತೊಡಗಿದರು. “ಏನೋ ಒಂದ್ ಕಮ್ಮಿ ಐತೆ” ಎಂದು ತಡವರಿಸುತ್ತಿದ್ದರು. ಅತ್ತ ಹಲಗೆಯ ಸುಣ್ಣ ಚೂರುಚೂರೇ ಉದುರುತ್ತಿತ್ತು. ಪಾತ್ರೆ ತೊಳೆಯಲು ಕೂತರೆ ನನಗೆ ಎದುರಿಗೇ ಕಾಣುವುದು ಆ ಹಲಗೆ. ನೋಡಬಾರದೆಂದುಕೊಂಡು ನೋಡುತ್ತಿದ್ದೆ. ಸಂತೆಯ ದಿನ ಬರುವ ಹೊತ್ತಿಗೆ ಮೊದಲ ಅಕ್ಷರ ಮಾತ್ರ ಉಳಿದಿತ್ತು, ಅದೂ ಅಂಚು ಬಿಟ್ಟುಕೊಂಡಿತ್ತು.

ಸಂತೆಯ ದಿನವೆಂದರೆ ನಮಗೆ ವಾರದ ಅನ್ನ. ಬೆಳಿಗ್ಗೆಯೇ ಬೆಣ್ಣೆಯ ಕುಡಿಕೆ ಬಂತು, ಕಡೆದ ತಾಜಾ ಬೆಣ್ಣೆ, ಮೇಲೆ ಇನ್ನೂ ನೀರಿನ ಹನಿ ಕೂತಿತ್ತು. ಅಕ್ಕ ಕಾವಲಿಗೆ ನೀರು ಚಿಮುಕಿಸಿ ಮೊದಲ ದೋಸೆ ಹುಯ್ದಳು. ಮೊದಲ ದೋಸೆ ಯಾವಾಗಲೂ ಕಾವಲಿಗೆ ಅಂಟುತ್ತದೆ. ಹದ ನೋಡುವುದಕ್ಕೆ ಹುಯ್ಯುವ ದೋಸೆ ಅದು, ಹರಿಯುತ್ತದೆ, ಒಂದು ಕಡೆ ಸೀಯುತ್ತದೆ, ಇನ್ನೊಂದು ಕಡೆ ಹಸಿ. ಗಿರಾಕಿಗೆ ಕೊಡುವ ಹಾಗಿಲ್ಲ, ಬಿಸಾಡುವುದಕ್ಕೆ ಅವಳ ಜೀವ ಒಪ್ಪುವುದಿಲ್ಲ. ಅದನ್ನು ಕೆರೆದು ತೆಗೆದು, ಅರ್ಧ ತಾನು ಬಾಯಿಗೆ ಹಾಕಿಕೊಂಡು ಅರ್ಧ ನನ್ನ ಕೈಗೆ ಕೊಡುತ್ತಾಳೆ. ಅವತ್ತೂ ಕೊಟ್ಟಳು. ಸುಟ್ಟ ತುಂಡು ನನ್ನ ಪಾಲಿಗೆ ಬಂದಿತ್ತು. ಅದನ್ನು ನೋಡಿದ್ದೇ ನನಗೆ ಎಲ್ಲಿಲ್ಲದ ಕೋಪ ಬಂತು.

“ಅಕ್ಕ, ನೀನು ಯಾವತ್ತಾದ್ರೂ ಎರಡ್ನೇ ದೋಸೆ ತಿಂದಿದ್ದೀಯಾ?”

“ಎರಡ್ನೇದು ಗಿರಾಕಿದು ಕಣೇ.”

“ಮೂರ್ನೇದು?”

“ಅದೂ ಗಿರಾಕಿದೇ. ಇದೇನ್ ಬೆಳಿಗ್ಗೆ ಬೆಳಿಗ್ಗೆ?”

“ಹಂಗಾದ್ರೆ ಈ ಹೋಟ್ಲಲ್ಲಿ ನಿಂದು ಅಂತ ಯಾವ್ದು? ಈ ಸೀಕಲಾ?”

ಅವಳು ನನ್ನ ಕೈಯಲ್ಲಿದ್ದ ಹರಕು ದೋಸೆಯನ್ನು ನೋಡಿದಳು, ಕುಡಿಕೆಯನ್ನು ನೋಡಿದಳು. ಸೀರೆ ತಂದದ್ದು ಊರಿನ ಕಣ್ಣಿಗೆ, ಹೋಳಿಗೆ ಹಾಕಿದ್ದು ಊರಿನ ಬಾಯಿಗೆ. ಕೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದ ಹಾಗಾಗಿತ್ತು ನಮ್ಮ ಕಥೆ. ಅದು ನನಗೆ ಹೊಳೆದದ್ದು ಆಮೇಲೆ. ಅವಳಿಗೆ ಅಲ್ಲೇ, ಒಲೆಯ ಮುಂದೆಯೇ ಹೊಳೆದಿರಬೇಕು.

ಎರಡನೇ ದೋಸೆ ಹುಯ್ದಳು. ಹಿಟ್ಟು ಕಾವಲಿಯ ಅಂಚಿನವರೆಗೂ ಹರಡಿತು, ನಡುವೆ ಸಣ್ಣ ಸಣ್ಣ ಕಣ್ಣು ಬಿಟ್ಟಿತು. ಅಭ್ಯಾಸದಂತೆ ಹುಣಸೆಬೀಜದಷ್ಟು ಬೆಣ್ಣೆ ಇಟ್ಟಳು. ನಿಂತಳು. ಇನ್ನೊಂದು ಚಮಚ ಇಟ್ಟಳು. ಆಮೇಲೆ ಚಮಚವನ್ನು ಬದಿಗೆಸೆದು ಕುಡಿಕೆಗೆ ಕೈ ಹಾಕಿ ನಿಂಬೆಹಣ್ಣಿನ ಗಾತ್ರದ ಉಂಡೆ ತೆಗೆದು ನಡುವೆ ಕೂರಿಸಿದಳು. ಬೆಣ್ಣೆ ಕರಗಿ ಅಂಚಿಗೆಲ್ಲ ಹರಿದು ಚುರುಗುಟ್ಟಿತು. ವಾಸನೆ ಬೀದಿಗೆ ಹೋಯಿತು. ದೋಸೆಯನ್ನು ಎಲೆಗೆ ಹಾಕಿಕೊಂಡು ಅವಳು ಅಡುಗೆಮನೆಯಲ್ಲಿ ನಿಲ್ಲಲಿಲ್ಲ. ಹೊರಗೆ ಬಂದು, ಬೀದಿಗೆ ಮುಖ ಮಾಡಿದ ಗಿರಾಕಿಗಳ ಬೆಂಚಿನ ಮೇಲೆ ಕೂತಳು. ಅವಳು ಆ ಬೆಂಚನ್ನು ಒರೆಸಿದ್ದಳೇ ಹೊರತು ಅಲ್ಲಿ ಎಂದೂ ಕೂತವಳಲ್ಲ.

ಬಾಗಿಲಲ್ಲಿ ಸಂತೆಯ ಜನ ತುಂಬಿದ್ದರು. ಪರ್ವತಯ್ಯ ಬಂದಿದ್ದ, ಗುಂಡಶೆಟ್ಟರು ಬಂದಿದ್ದರು, ಹಲಗೆಯನ್ನು ಕೊನೆಯ ಸಲ ನೋಡಲು ಬಂದ ಮೇಷ್ಟ್ರೂ ಇದ್ದರು.

“ಏನಮ್ಮ, ಯಾಪಾರದ ಹೊತ್ನಾಗೆ ಕೂತ್ಬುಟ್ಟೆ? ಹೊಟ್ಟೆ ಹಸೀತೈತೆ!” ಎಂದು ಯಾರೋ ಕೂಗಿದರು.

“ನಂಗೂ ಹಸೀತೈತೆ” ಎಂದಳು ಅಕ್ಕ. “ಪುಟ್ಟತಾಯಿ, ಚಟ್ನಿ.”

ಹಾಕಿದೆ. ಮೊದಲ ತುತ್ತಿಗೇ ಅರ್ಧ ಚಟ್ನಿ ಹೋಯಿತು, ಎರಡನೇ ತುತ್ತಿಗೆ ಉಳಿದರ್ಧ. “ಚಟ್ನಿ” ಎಂದಳು ಮತ್ತೆ. ನನ್ನ ಕೈ ತಾನಾಗಿಯೇ ಎದ್ದು ಬೋರ್ಡು ತೋರಿಸಿತು. ಅಭ್ಯಾಸ, ಏನು ಮಾಡಲಿ.

“ಅದು ಗಿರಾಕಿಗೆ ಕಣೇ. ನಾನ್ ಯಜಮಾನ್ತಿ.”

ಬಾಗಿಲಲ್ಲಿ ನಗೆ ಎದ್ದಿತು. ಈ ಸಲದ ನಗೆಯಲ್ಲಿ ವಿಷ ಇರಲಿಲ್ಲ. ನಾನು ಚಟ್ನಿಯನ್ನು ಎಲೆಯಿಂದ ಹರಿಯುವಷ್ಟು ಸುರಿದೆ. ಅವಳು ಅವಸರವಿಲ್ಲದೆ ತಿನ್ನುತ್ತಿದ್ದಳು, ಗರಿಯಾದ ಅಂಚನ್ನು ಮುರಿದು, ಬೆಣ್ಣೆಯಲ್ಲಿ ಅದ್ದಿ, ಕಣ್ಣು ಮುಚ್ಚಿಕೊಂಡು. ಆದರೆ ಅರ್ಧ ಆಗುತ್ತಿದ್ದ ಹಾಗೆ ಅವಳ ಕೈ ನಿಧಾನವಾಯಿತು. ಬೆಣ್ಣೆ ಕುಡಿದು ಮೆತ್ತಗಾದ ನಡುಭಾಗ, ದೋಸೆಯ ಜೀವವೇ ಇರುವ ಭಾಗ, ಅದನ್ನು ಎಲೆಯ ತುದಿಯಲ್ಲಿ ಮಡಚತೊಡಗಿದಳು. ನನಗೆ ಗೊತ್ತಾಯಿತು. ನಾಳೆಗೆ ಎತ್ತಿಡುತ್ತಿದ್ದಾಳೆ. ಆಚೆ ಹಲಗೆಯ ಮೇಲೆ ಉಳಿದಿದ್ದ ಒಂದೇ ಅಕ್ಷರದಿಂದ ಒಂದು ಚೂರು ಕಳಚಿ ಬಿತ್ತು. ಮೇಷ್ಟ್ರು ಎದೆಯ ಮೇಲೆ ಕೈ ಇಟ್ಟುಕೊಂಡರು. ‘ತಿನ್ನಕ್ಕ’ ಎಂದು ಮನಸ್ಸಿನಲ್ಲೇ ಅಂದುಕೊಂಡೆ.

ಅಕ್ಕ ತನ್ನ ಕೈಯನ್ನು ತಾನೇ ನೋಡಿದಳು. ಬೇರೆ ಯಾರದೋ ಕೈ ತನ್ನ ಎಲೆಗೆ ಬಂದಿದೆ ಎಂಬಂತೆ ನೋಡಿದಳು. ಆಮೇಲೆ ಮಡಿಕೆ ಬಿಚ್ಚಿದಳು.

“ನಾಳೆದು ನಾಳೆ ನೋಡ್ಕೊಳ್ಳಾನ” ಎಂದಳು, ಯಾರಿಗೂ ಅಲ್ಲ, ತನಗೇ. ಇಡೀ ತುಂಡನ್ನು ಒಂದೇ ತುತ್ತಿಗೆ ಬಾಯಿಗೆ ಹಾಕಿಕೊಂಡಳು. ಬೆಣ್ಣೆ ಮಣಿಕಟ್ಟಿನಿಂದ ಮೊಣಕೈಗೆ ಇಳಿಯಿತು. ಒರೆಸಿಕೊಳ್ಳಲಿಲ್ಲ. ಅಗಿದಳು, ನುಂಗಿದಳು, ಆಮೇಲೆ ನಗತೊಡಗಿದಳು. ನಾನು ಈ ಮನೆಗೆ ಸೊಸೆಯಾಗಿ ಬಂದಾಗಿನಿಂದ ಅವಳು ಹಾಗೆ ಹೊಟ್ಟೆತುಂಬ ನಕ್ಕದ್ದನ್ನು ಕಂಡಿರಲಿಲ್ಲ.

“ಪುಟ್ಟತಾಯಿ, ಇದೇ ಕಣೇ ಅದು! ಸ್ಪ್ಲರ್ಜ್!”

ಕಾದ ಕಾವಲಿಗೆ ನೀರು ಬಿದ್ದ ಹಾಗೆ ಆ ಪದ ಚುರ್ರೆಂದು ಸಿಡಿಯಿತು. ಆಮೇಲೆ ಪರ್ವತಯ್ಯ ಅಂಜುತ್ತಂಜುತ್ತ, “ಸ್ಪ್ಲರ್ಜ್” ಎಂದ. ಬಂತು. ಸೊಪ್ಪು ಮಾರುವವಳು ಅಂದಳು, ಬಳೆಯವನು ಅಂದ, ಬಾಗಿಲಿಂದ ಬೀದಿಗೆ, ಬೀದಿಯಿಂದ ಸಂತೆಗೆ ಪದ ಓಡಿತು. ತಕ್ಕಡಿ ಹಿಡಿದವರು ತಕ್ಕಡಿ ಎತ್ತಿ ಕೂಗಿದರು. ಮೇಷ್ಟ್ರು ಪಂಚೆ ಎತ್ತಿಕಟ್ಟಿ ಅದನ್ನೇ ಹೇಳಿಕೊಂಡು ಬೀದಿಯಲ್ಲಿ ಎರಡು ಸುತ್ತು ಕುಣಿದರು. ಹಲಗೆಯ ಮೇಲೆ ಉಳಿದಿದ್ದ ಸುಣ್ಣ ಆಗ ಉದುರಿತು, ಅದರ ಕಡೆ ಯಾರೂ ತಿರುಗಿ ನೋಡಲಿಲ್ಲ.

ಗುಂಡಶೆಟ್ಟರು ಮುಂದೆ ಬಂದರು. “ನಾನೂ ಮಗಳ ಮದುವೇಲಿ ಹಿಂಗೇ...” ಎಂದು ಪದಕ್ಕೆ ಬಾಯಿ ತೆರೆದರೆ ಬರಿ ಗಾಳಿ. ಒಲಿದ ಪದವೂ ದುಂದಿನ ಜಾಗಕ್ಕೆ ಬರುವುದಿಲ್ಲ. ಜನ ಮತ್ತೆ ನಕ್ಕರು. ಶೆಟ್ಟರು ಪೆಚ್ಚಾದರು. ಆಮೇಲೆ ತಗ್ಗಿದ ದನಿಯಲ್ಲಿ, “ಚೆಲುವಾಜಮ್ಮ, ನನಗೂ ಅಂಥದೇ ಒಂದು ದೋಸೆ ಹಾಕಮ್ಮ. ವೈದ್ಯರು ಬೆಣ್ಣೆ ಬೇಡ ಅಂದವ್ರೆ, ಮನೇಲಿ ಗಂಜಿ ಕೊಡ್ತಾರೆ. ಇವತ್ತೊಂದ್ ದಿನ ಸ್ಪ್ಲರ್ಜ್ ಮಾಡ್ತೀನಿ” ಎಂದರು. ಪದ ಸಲೀಸಾಗಿ ಬಂತು, ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ. ಶೆಟ್ಟರ ಕಣ್ಣಲ್ಲಿ ನೀರಾಡಿತು.

“ಕಾಯ್ಬೇಕು ಶೆಟ್ರೇ” ಎಂದು ಅಕ್ಕ ಎದ್ದಳು. ಒಳಗೆ ಹೋಗಿ ಮೂರನೇ ದೋಸೆ ಹುಯ್ದಳು, ಕುಡಿಕೆಯಿಂದ ಇನ್ನೊಂದು ಉಂಡೆ ತೆಗೆದಳು, ಮೊದಲಿನದಕ್ಕಿಂತ ದೊಡ್ಡದು. ಹೊಂಬಣ್ಣದ ದೋಸೆ ಚಟ್ನಿಯ ಜೊತೆ ಎಲೆಯ ಮೇಲೆ ಬಂತು. ಗುಂಡಶೆಟ್ಟರು ಕೈ ಚಾಚಿದರು. ಅಕ್ಕ ಅವರನ್ನು ದಾಟಿ ಬಂದು ನನ್ನ ಭುಜ ಹಿಡಿದು ಬೆಂಚಿನ ಮೇಲೆ ಕೂರಿಸಿದಳು.

“ಅಕ್ಕ, ಗಿರಾಕಿಗಳು ಕಾಯ್ತಾವ್ರೆ.”

“ಕಾಯ್ಲಿ” ಎಂದಳು. ಬಾಗಿಲ ಕಡೆ ತಿರುಗಿ, “ತಡೀರಪ್ಪ, ನಮ್ ಪುಟ್ಟತಾಯಿ ತಿಂತಾವ್ಳೆ!” ಎಂದು ಕೂಗಿದಳು. ಸಂತೆಯ ಜನ, ಹಸಿದ ಜನ, ಹೋ ಎಂದು ಚಪ್ಪಾಳೆ ತಟ್ಟಿದರು.

ನಾನು ಗರಿಯಾದ ಅಂಚು ಮುರಿದೆ. ಬೆರಳಿಗೆ ಬಿಸಿ ಬೆಣ್ಣೆ ಹತ್ತಿತು. ಇಷ್ಟು ವರ್ಷ ನಾನೇ ರುಬ್ಬಿದ ಹಿಟ್ಟು ಅದು. ಹದವಾಗಿ ಬೆಂದರೆ ಬಾಯಲ್ಲಿ ಹೀಗಿರುತ್ತದೆಂದು ನನಗೆ ಯಾರೂ ಹೇಳಿರಲಿಲ್ಲ. ಅಕ್ಕ ಎರಡೂ ಕೈಯನ್ನು ಮೇಜಿನ ಮೇಲೂರಿ ಬಗ್ಗಿ ನನ್ನ ಮುಖವನ್ನೇ ನೋಡುತ್ತಿದ್ದಳು. ಅವಳ ತುಟಿ ಮೆಲ್ಲಗೆ, 'ಬರುತ್ತದೋ ಇಲ್ಲವೋ' ಎಂಬ ಅನುಮಾನದಲ್ಲಿ ಅಲುಗಿತು.

“ರುಚಿ ಹೆಂಗೈತೆ?” ಎಂದಳು.

ಆ ಮಾತು ಕೇಳಿ ಎಷ್ಟು ದಿನವಾಗಿತ್ತು! ನನ್ನ ಕಣ್ಣು ತುಂಬಿತು, ಬಾಯಿಯೂ ತುಂಬಿತ್ತು. ಕೈ ಎತ್ತಿ ಚಟ್ನಿಯ ಪಾತ್ರೆ ತೋರಿಸಿದೆ. ಅವಳು ಎರಡನೇ ಸಲ ಹಾಕಿದಳು.